ಒಳಗೆ ಹೋದ ಬಾಯಿ

"ನೋಡಬ್ಯಾಡ, ಗ್ವಾಡಿ ಕಡಿ ಮುಖ ಮಾಡು," ಎಂದರು ನರ್ಸ್ ತಾಜುನ್ನಿಸಾ.

ಅಮೃತಾ ನೋಡಿಯೇಬಿಟ್ಟಳು. ಹೊಟ್ಟೆಯ ಗಾಯದೊಳಗಿಂದ ಬಟ್ಟೆಯ ಪಟ್ಟಿ ಬರುತ್ತಲೇ ಇತ್ತು. ಒಳಗೆ ಯಾರೋ ಅದರ ಇನ್ನೊಂದು ತುದಿ ಹಿಡಿದು, ನಿಧಾನವಾಗಿ ಬಿಡುತ್ತಿರುವಂತೆ.

ಟೈಫಾಯಿಡ್ ಜ್ವರ ಅವಳ ಕರುಳಿಗೆ ತೂತು ಮಾಡಿತ್ತು. ಹೈದರಾಬಾದಿನ ಡಾಕ್ಟರು ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು, ಮೂರು ತಿಂಗಳು ಚೀಲ ಕಟ್ಟಿದ್ದರು. ಹೊರಬಂದ ಕರುಳಿನ ತುದಿ ಕೆಂಪು ಬಾಯಿಯಂತಿತ್ತು. ಎಲ್ಲರೂ ಸುಮ್ಮನಿದ್ದಾಗ ತಾನಾಗಿ ಗುಳುಗುಳು ಅನ್ನುತ್ತಿತ್ತು. ಹದಿನೈದು ದಿನದ ಹಿಂದೆ ಅದನ್ನು ಒಳಗೆ ಸೇರಿಸಿ ಹೊಲಿದರು. ಮೇಲಿನ ಗಾಯ ಮಾತ್ರ ಹೊಲಿಯಲಿಲ್ಲ. ಅದು ತಳದಿಂದ ತುಂಬುತ್ತ ಬರಬೇಕಂತೆ. ಅಲ್ಲಿಯವರೆಗೆ ದಿನಾ ಹೊಸ ಪಟ್ಟಿ ಇಡಬೇಕು.

ಪಕ್ಕದ ಮನೆಯ ತಾಜುನ್ನಿಸಾ ಡ್ಯೂಟಿ ಮುಗಿಸಿ ಬಂದು ಆ ಕೆಲಸ ಮಾಡುತ್ತಿದ್ದರು. ಇವತ್ತು ಅವರ ಹುಬ್ಬು ಗಂಟಾಯಿತು.

"ಐದು ದಿನ ಆಯ್ತು, ಪಟ್ಟಿ ಅಷ್ಟೇ ಉದ್ದ ಹಿಡೀಲಿಕತ್ತದ, ಗಾಯ ತುಂಬವಲ್ದು. ಹುಡುಗಿ ಉಣ್ತಾಳಿಲ್ಲೋ?"

"ತಾಟು ತೊಳೆದಂಗ ಖಾಲಿ ಮಾಡ್ತಾಳ," ಎಂದಳು ಅಜ್ಜಿ, ಆಯಿ ಅನಸುಬಾಯಿ. ಅಮೃತಾ ತುಟಿ ಕಚ್ಚಿದಳು.

ಆಗ ಸೈರನ್ ಕೂಗಿತು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಮದ್ದು ಸಿಡಿಸುವ ಹೊತ್ತು. ಧಡ್ ಎಂದು ನೆಲದ ಹಾಸುಗಲ್ಲು ನಡುಗಿತು. ಆಮೇಲೆ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅಮೃತಾಳ ಹೊಟ್ಟೆ ಉತ್ತರ ಕೊಟ್ಟಿತು: ಗುರ್ರ್... ಗುಳುಗುಳು.

ಅವಳ ಕೈ ಈಗ ಇಲ್ಲದ ಚೀಲವನ್ನು ತಡಕಿತು.

"ಆಪಾ, ಆ ಬಾಯಿ ಒಳಗ ಕುಂತದ," ಎಂದು ತಾಜುನ್ನಿಸಾರ ಕಿವಿಯಲ್ಲಿ ಪಿಸುಗುಟ್ಟಿದಳು. "ಉಂಡರ ಜೋರಾಗಿ ಮತ್ತ ಹೊರಗ ಬರ್ತದ."

ತಾಜುನ್ನಿಸಾ ನಗಲಿಲ್ಲ. ಆಯಿ ಹಾಲಲ್ಲಿ ನೆನೆಸಿದ ರೊಟ್ಟಿ ತಂದಿಟ್ಟಳು. ಕೂಡಲೇ ಕಿಟಕಿಯಲ್ಲಿ ಆಡಿನ ತಲೆ ಬಂತು. ಅದು ತಾಟನ್ನೇ ನೋಡುತ್ತ ಬಾಯಿ ಆಡಿಸಿತು. ಅದರ ಗಡ್ಡದಲ್ಲಿ ನಿನ್ನೆಯ ಹಾಲು ಒಣಗಿ ಅಂಟಿತ್ತು.

"ಹಾಂ, ಉಂಡಾಕಿ ಇಲ್ಲಿದ್ದಾಳ ನೋಡ್ರಿ," ಎಂದರು ತಾಜುನ್ನಿಸಾ.

ಅಮೃತಾ ಗೋಡೆಯ ಕಡೆ ಹೊರಳಿದಳು. ಆಯಿ ಬೈಯುತ್ತಾಳೆ ಅಂದುಕೊಂಡಳು. ಆಯಿ ಬೈಯಲಿಲ್ಲ. ಮಂಚದ ಮೇಲೆ ಕುಳಿತು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಲ್ಲಿಯೂ ಗುರ್ರ್, ಗುಳುಗುಳು.

"ಮುಂಜಾನಿ ತಿಂದ ಪುಂಡಿಪಲ್ಯ ಅದು," ಎಂದಳು ಆಯಿ. ಅವಳ ಕೂದಲು ನೇವರಿಸುತ್ತ ಮತ್ತೆ ಹೇಳಿದಳು. "ಆಪರೇಶನ್ ಆದ ಮ್ಯಾಲ ಮೂರು ದಿನ ನಿನ್ನ ಹೊಟ್ಟಿ ಏನೂ ಅನ್ನಲಿಲ್ಲ, ತಂಗಿ. ನಿಮ್ಮಪ್ಪ ಅದಕ್ಕ ಕಿವಿ ಹಚ್ಚಿಕೊಂಡೇ ಕುಂತಿದ್ದ. ನಾಕನೇ ದಿನ ಗುರ್ರ್ ಅಂತು. ಅವ ಅಲ್ಲೇ ಅತ್ತುಬಿಟ್ಟ."

ಅಪ್ಪ ಅಳುವುದನ್ನು ಅಮೃತಾ ಎಂದೂ ನೋಡಿರಲಿಲ್ಲ. ಅವಳು ರೊಟ್ಟಿಯ ಒಂದು ಚೂರನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಕಿಟಕಿಯಲ್ಲಿ ಆಡು ಒದರಿತು.

ಮುಂದಿನ ವಾರ ಪಟ್ಟಿ ಬೆರಳುದ್ದಕ್ಕೆ ಇಳಿಯಿತು. ಅವತ್ತೂ ಸೈರನ್ ಕೂಗಿತು, ನೆಲ ನಡುಗಿತು, ಎಲ್ಲ ನಿಶ್ಶಬ್ದವಾಯಿತು. ಅಮೃತಾ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು.

ಏನೂ ಇಲ್ಲ.

ಉಸಿರು ಹಿಡಿದು ಮತ್ತೆ ಕಾದಳು.

ಗುಳು.

ಅವಳು ಉಸಿರು ಬಿಟ್ಟು, ತಾಟನ್ನು ಹತ್ತಿರ ಎಳೆದುಕೊಂಡಳು.