ಮೂರನೇ ಮಹಡಿಯ ಮರುಪರೀಕ್ಷೆ

ಮಂಗಳವಾರ ಬೆಳಿಗ್ಗೆ 10.15ಕ್ಕೆ ಠಾಣೆಗೆ ದೂರು ಬಂತು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸೋಮವಾರ ತಂದೆ ಉಸಿರಿಗಾಗಿ ಒದ್ದಾಡಿ ಸಾಯುತ್ತಿದ್ದಾಗ ನರ್ಸ್ ಹತ್ತಿರವೂ ಸುಳಿಯಲಿಲ್ಲ ಎಂದು ಮಗಳು ಬರೆದುಕೊಟ್ಟಳು. ಎಫ್‌ಐಆರ್‌ನಲ್ಲಿ ನರ್ಸ್ ಆರೋಪಿಯಾದಳು. ಆಸ್ಪತ್ರೆಯವರು ಅಷ್ಟರಲ್ಲೇ ಅವಳನ್ನು ಅಮಾನತು ಮಾಡಿ ಕೈತೊಳೆದುಕೊಂಡಿದ್ದರು.

"ಅಲಾರಂ ಕೂಗಲೇ ಇಲ್ಲ ಸರ್," ಎಂದಳು ನರ್ಸ್. "ಹದಿನಾಲ್ಕು ಹಾಸಿಗೆ, ನಾನೊಬ್ಬಳೇ. ಕೂಗಿದ ಕಡೆ ಓಡ್ತೀನಿ."

ಇನ್‌ಸ್ಪೆಕ್ಟರ್ ವಾರ್ಡಿನಲ್ಲೇ ಪಂಚನಾಮೆ ಮಾಡಿದರು. ಹಾಸಿಗೆಗಳ ಅಲಾರಂ ನಡೆಸುವ ಕಂಪ್ಯೂಟರ್ ಸೋಮವಾರ ಮಧ್ಯಾಹ್ನ 2.40ರಿಂದ 2.58ರವರೆಗೆ ಸ್ತಬ್ಧವಾಗಿತ್ತು. ಸಾವು 2.51ಕ್ಕೆ. ಆ ಹೊತ್ತಿನಲ್ಲಿ ಹೊರಗಿನಿಂದ ಸಾವಿರಾರು ಸಂದೇಶಗಳು ಅದರ ಮೇಲೆ ಮುಗಿಬಿದ್ದಿದ್ದವು. ಪ್ರತಿಯೊಂದರಲ್ಲೂ ಕಂಪ್ಯೂಟರ್ ಭದ್ರತೆ ಪರೀಕ್ಷಿಸುವ ಒಂದು ಕಂಪನಿಯ ಹೆಸರು, ಜೊತೆಗೆ 'ಮರುಪರೀಕ್ಷೆ' ಎಂಬ ಗುರುತು.

"ಹೆಸರು ಬರೆದಿಟ್ಟು ಹೋಗೋ ಕಳ್ಳನ್ನ ಈಗಲೇ ನೋಡ್ತಿರೋದು," ಎಂದ ಕಾನ್‌ಸ್ಟೇಬಲ್.

ಕಂಪನಿಯಲ್ಲಿ ಆ ಗುರುತು ಒಬ್ಬ ಪರೀಕ್ಷಕನದು. ಕಂಪ್ಯೂಟರುಗಳಿಗೆ ನುಗ್ಗುವ ದಾರಿ ಹುಡುಕಿ ಮಾಲೀಕರನ್ನು ಎಚ್ಚರಿಸುವುದು ಅವನ ಕಸುಬು. ಗುರುತು ಹಾಕದೆ ಯಾವ ಯಂತ್ರವನ್ನೂ ಮುಟ್ಟಿದವನಲ್ಲ. ಕದ್ದು ಮಾಡುವಾಗಲೂ ಆ ಅಭ್ಯಾಸ ಬಿಡಲಿಲ್ಲ.

"ಅನುಮತಿ ಪತ್ರ ಇತ್ತಾ?" ಎಂದು ಇನ್‌ಸ್ಪೆಕ್ಟರ್ ಅವನನ್ನು ಕೇಳಿದರು.

"ಇಲ್ಲ ಸರ್. ಒಟ್ಟಿಗೆ ಸಂದೇಶ ಸುರಿದ್ರೆ ಆಸ್ಪತ್ರೆ ಯಂತ್ರಗಳು ನಿಂತುಬಿಡುತ್ವೆ ಅಂತ ಆರು ತಿಂಗಳ ಹಿಂದೆ ಈ ಲೋಪ ಬರೆದುಕೊಟ್ಟಿದ್ದೆ. ಸರಿಪಡಿಸಲಾಗಿದೆ ಅಂತ ಆಸ್ಪತ್ರೆಯಿಂದ ಒಂದು ಸಾಲು ಬಂತು. ಮತ್ತೆ ನೋಡ್ತೀನಿ ಅಂದ್ರೆ ಬಿಡಲಿಲ್ಲ."

"ಒಬ್ಬರು ಸತ್ತಿದ್ದಾರೆ."

ಅವನು ಆರು ತಿಂಗಳ ಹಿಂದಿನ ವಿಳಾಸಗಳ ಪಟ್ಟಿ ತೆರೆದು ತೋರಿಸಿದ.

"ನಾನು ಸಂದೇಶ ಕಳಿಸಿದ ನೆಟ್‌ವರ್ಕ್ ವಿಳಾಸದಲ್ಲಿದ್ದದ್ದು ಪರೀಕ್ಷೆಗೇ ಅಂತ ಇಟ್ಟ ಯಂತ್ರ. ರೋಗಿಗಳಿಗೆ ಸಂಬಂಧ ಇಲ್ಲದ್ದು. ನಾನು ಹಳೇ ಪಟ್ಟಿ ನೋಡಿದೆ."

ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯವರು ಅದೇ ವಿಳಾಸವನ್ನು ವಾರ್ಡಿನ ಅಲಾರಂ ಯಂತ್ರಕ್ಕೆ ಕೊಟ್ಟಿದ್ದರು.

"ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಬೇಡ ಅಂತಿದ್ರು."

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಬುಧವಾರ ಸಂಜೆ 4.20ಕ್ಕೆ ಬಂಧನ ದಾಖಲಾಯಿತು. ನರ್ಸಿನ ಹೆಸರು ಕೈಬಿಡಲು ನ್ಯಾಯಾಲಯಕ್ಕೆ ವರದಿ ಹೋಯಿತು. 'ಸರಿಪಡಿಸಲಾಗಿದೆ' ಎಂದು ಸಹಿ ಹಾಕಿದ ಅಧಿಕಾರಿಗೂ ನೋಟಿಸ್ ಹೊರಟಿತು. ಸತ್ತವನ ಮಗಳು ಎಲ್ಲ ಕೇಳಿಸಿಕೊಂಡು, ಈಗ ಯಾರನ್ನು ಬೈಯಲಿ ಎಂದಷ್ಟೇ ಕೇಳಿದಳು.

ಮನೆಯವರಿಗೆ ತಿಳಿಸಲು ಪರೀಕ್ಷಕನಿಗೆ ಫೋನ್ ಕೊಟ್ಟರು.

"ಅಮ್ಮಾ, ಶುಕ್ರವಾರ ಆಪರೇಷನ್‌ಗೆ ಆ ಆಸ್ಪತ್ರೆಗೆ ಹೋಗ್ಬೇಡ. ಬೇರೆ ಕಡೆ ಮಾಡಿಸೋಣ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಹೂಂ, ಆ ಲೋಪ ಮತ್ತೆ ನೋಡಿದೆ. ಇನ್ನೂ ಸರಿಮಾಡಿಲ್ಲ."