ಬಿಸಿಲಿನ ತಕರಾರು

ಬಿದಿರು ಬಿದ್ದಾಗ ಹನ್ನೊಂದೂ ಮುಕ್ಕಾಲು. ಪಿಎಸ್‌ಐ ರೇಣುಕಾದೇವಿ ಬಂದಾಗ ಹನ್ನೆರಡು ದಾಟಿತ್ತು.

ಕಾವಲುಗಾರ ನಸೀರುದ್ದೀನನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ನೆಲದಲ್ಲಿ ರಕ್ತ, ಒಂದು ಚಪ್ಪಲಿ, ಉದ್ದನೆಯ ಬಿದಿರು. ಅದಕ್ಕೆ ಜೋಡಿಯಾಗಿದ್ದ ಇನ್ನೊಂದು ಬಿದಿರು ಕಬ್ಬಿಣದ ಗೂಟಕ್ಕೆ ಬಿಗಿಸಿಕೊಂಡು ಇನ್ನೂ ನೆಟ್ಟಗೆ ನಿಂತಿತ್ತು. ಅದರ ತುದಿಯಲ್ಲಿ ಹಗ್ಗದ ಸುತ್ತುಗಳು ಸಡಿಲವಾಗಿ ಜೋತುಬಿದ್ದಿದ್ದವು.

ಸುತ್ತ ಎರಡು ಗುಂಪು. ಒಂದು ಕಡೆ ಭೀಮಾ ದಂಡೆಯ ಮೀನುಗಾರ ಓಣಿಯವರು. ಇನ್ನೊಂದು ಕಡೆ ಬಿಲ್ಡರ್ ಲಕ್ಷ್ಮಿಕಾಂತ ಮತ್ತು ಅವನ ಆಳುಗಳು. ನಡುವೆ ಅಳತೆ ಟೇಪು ಹಿಡಿದ ಬಸವಂತರಾಯರು. ನಿವೃತ್ತ ಹೆಡ್‌ಮಾಸ್ತರು, ಈ ವ್ಯಾಜ್ಯಕ್ಕೆ ಕೋರ್ಟು ಕೊಟ್ಟ ಸಂಧಾನಕಾರರು.

"ಏನ್ ನಡದಿತ್ತು ಇಲ್ಲಿ, ಮಾಸ್ತರ?"

"ನೆರಳು ಅಳಿಯಾಕತ್ತಿದ್ವಿ ಮೇಡಮ್."

ಯಾದಗಿರಿಯಲ್ಲಿ ಜನ ನೆರಳಿಗಾಗಿ ಹಂಬಲಿಸುತ್ತಾರೆ. ಈ ಓಣಿಯವರು ಬಿಸಿಲಿಗಾಗಿ ಕೋರ್ಟಿಗೆ ಹೋಗಿದ್ದರು. ಮಾನಮ್ಮನ ಅಂಗಳದಲ್ಲಿ ನಾಲ್ಕು ಮನೆಯ ಹೆಂಗಸರು ಮೀನು ಒಣಗಿಸುತ್ತಾರೆ. ಅದೇ ಅವರ ಅನ್ನ. ದಕ್ಷಿಣಕ್ಕೆ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದರೆ ಅಂಗಳಕ್ಕೆ ನೆರಳು. ನೆರಳು ಬಿದ್ದ ಮೀನಿಗೆ ಹುಳ.

ಕೊನೆಗೆ ಬಸವಂತರಾಯರು ಇಬ್ಬರನ್ನೂ ಒಂದು ಮಾತಿಗೆ ಒಪ್ಪಿಸಿದ್ದರು. ಕಟ್ಟಡದ ಎತ್ತರ ನಲವತ್ತೈದು ಅಡಿ. ಅದರ ಅಂಗಳದ ಕಡೆಯ ಅಂಚು ಬರುವಲ್ಲಿ ಅಷ್ಟೇ ಎತ್ತರದ ಬಿದಿರು ನಿಲ್ಲಿಸುವುದು. ವರ್ಷದಲ್ಲೇ ಉದ್ದ ನೆರಳು ಬೀಳುವ ಈ ಡಿಸೆಂಬರಿನಲ್ಲಿ, ನಡುಮಧ್ಯಾಹ್ನ, ನೆರಳು ಅಂಗಳ ಮುಟ್ಟಿದರೆ ಲಕ್ಷ್ಮಿಕಾಂತ ನಾಲ್ಕನೇ ಅಂತಸ್ತು ಬಿಡಬೇಕು. ಮುಟ್ಟದಿದ್ದರೆ ಓಣಿಯವರು ತಕರಾರು ಬಿಡಬೇಕು. ಸಹಿ ನಾಳೆ ಮೂರಕ್ಕೆ. ತಪ್ಪಿದರೆ ಮತ್ತೆ ಕೋರ್ಟು, ಮತ್ತೆ ವರ್ಷಗಟ್ಟಲೆ ಅಲೆದಾಟ.

"ಬೇಕಂತನೇ ಕೆಡವ್ಯಾರ್ರಿ!" ಮಾನಮ್ಮ ಕೂಗಿದಳು. "ನೆರಳು ನಮ್ಮ ಅಂಗಳಕ್ಕ ಬರೋದು ಆ ಲಕ್ಷ್ಮಿಕಾಂತಗ ಮೊದಲೇ ಗೊತ್ತದ."

"ಹುಚ್ಚಿ ಹಂಗ ಮಾತಾಡಬ್ಯಾಡ. ತಲಿ ಒಡದದ್ದು ನನ್ನ ಆಳಿಂದು," ಎಂದ ಲಕ್ಷ್ಮಿಕಾಂತ.

"ಬೀಳೂ ಮುಂಚೆ ಹತ್ತು ನಿಮಿಷ ನೀ ಎಲ್ಲಿ ಹೋಗಿದ್ದಿ?"

"ಫೋನ್ ಬಂದಿತ್ತು."

"ಫೋನ್ ಬರಬೇಕಲ್ಲ ಮತ್ತ!"

ರೇಣುಕಾದೇವಿ ಫೋನು ಇಸಿದುಕೊಂಡು ನೋಡಿದಳು. ಕರೆ ಬಂದಿದ್ದು ನಿಜ. ಮಗಳ ಶಾಲೆಯಿಂದ.

"ಬಿದಿರು ಜೋಡಿಸಿ ಕಟ್ಟಿದವರು ಯಾರು?"

ಎಲ್ಲರ ಕಣ್ಣು ಒಬ್ಬನ ಮೇಲೆ ನಿಂತವು. ತಿರುಪತಿ. ಮಾನಮ್ಮನ ಮಗ, ಮೂವತ್ತರ ಹರೆಯ. ಲಕ್ಷ್ಮಿಕಾಂತನ ಹತ್ತಿರ ಸೆಂಟ್ರಿಂಗ್ ಕೆಲಸಕ್ಕಿದ್ದ. ಓಣಿಯವರಿಗೆ ಅಷ್ಟೇ ಸಾಕಾಗಿತ್ತು.

"ಉಂಡ ಮನಿಗೆ ದ್ರೋಹ ಬಗದಾನ," ಯಾರೋ ಅಂದರು.

"ನಿನ್ನೆ ಸಂಜಿಗೆ ಕಟ್ಟೀನ್ರಿ ಮೇಡಮ್," ತಿರುಪತಿ ಮುಂದೆ ಬಂದ. "ಆರು ಅಡಿ ಒಂದರ ಮ್ಯಾಲೊಂದು ಇಟ್ಟು, ಐದು ಕಡಿ ಬಿಗದೀನಿ. ಮಾಸ್ತರು ಟೇಪ್ ಹಿಡದು ನೋಡ್ಯಾರ. ರಾತ್ರಿ ನೆಲದ ಮ್ಯಾಲೇ ಇತ್ತು. ಮುಂಜಾನಿ ಹತ್ತಕ್ಕ ನಿಲ್ಲಿಸೀವಿ."

"ನಿಲ್ಲಿಸುವಾಗ ಮತ್ತೆ ಅಳೆದಿರಾ?"

ಬಸವಂತರಾಯರು ತಲೆ ತಗ್ಗಿಸಿದರು. ಅಳೆದಿರಲಿಲ್ಲ.

* * *

ಆಸ್ಪತ್ರೆಯಲ್ಲಿ ನಸೀರುದ್ದೀನ ಕಣ್ಣು ಬಿಟ್ಟಿದ್ದ. ಹೆಂಡತಿಯ ಗುರುತು ಹಿಡಿಯಲಿಲ್ಲ. ಅವಳು ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ರೇಣುಕಾದೇವಿ ಚಹಾ ತರಿಸಿ ಅವಳ ಕೈಗಿಟ್ಟಳು. ಅರ್ಧ ಕುಡಿಯುವವರೆಗೆ ಏನೂ ಕೇಳಲಿಲ್ಲ.

"ನಿನ್ನೆ ಪೂರಾ ಹೊತ್ತು ಕಾವಲಿಗಿದ್ದನೇನಮ್ಮ?"

"ಹೌದ್ರಿ. ಹೊತ್ತು ಮುಳುಗಿದ ಮ್ಯಾಲ ನಮಾಜಿಗೆ ಹೋಗಿದ್ರು. ಅರ್ಧ ತಾಸು."

"ಆಗ ಅಲ್ಲಿ ಯಾರಿದ್ರು?"

"ಅಂಬಣ್ಣ ಕಾಕಾಗ ಹೇಳಿ ಹೋಗ್ತಾರ್ರಿ ದಿನಾ. ಓಣಿ ಹಿರಿಯರಲ್ಲ. ಅವರಿದ್ದರ ಅಂಜಿಕಿ ಇಲ್ಲ ಅಂತಿದ್ರು."

ಅಂಬಣ್ಣ ಮಾನಮ್ಮನ ಗಂಡನ ಅಣ್ಣ. ಗಂಡ ಸತ್ತ ಮೇಲೆ ಆ ಮನೆಗೆ ಆಸರೆಯಾದವನು. ಗುಂಪಿನಲ್ಲಿ ಅವನೊಬ್ಬನೇ ಬಾಯಿ ತೆರೆದಿರಲಿಲ್ಲ ಎಂಬುದು ರೇಣುಕಾದೇವಿಗೆ ಈಗ ನೆನಪಾಯಿತು.

* * *

ಸಂಜೆ ಅವಳು ಪೇದೆಯೊಂದಿಗೆ ಜಾಗಕ್ಕೆ ಹೋಗಿ, ನಿಂತಿದ್ದ ಬಿದಿರನ್ನು ನೆಲಕ್ಕಿಳಿಸಿ ಎರಡನ್ನೂ ಅಳೆದಳು. ಇಪ್ಪತ್ತಾರು ಅಡಿ, ಇಪ್ಪತ್ತೈದು ಅಡಿ. ಒಟ್ಟು ಐವತ್ತೊಂದು. ಆರು ಅಡಿ ಒಂದರ ಮೇಲೊಂದು ಬಂದರೆ ನಲವತ್ತೈದು. ತಿರುಪತಿಯ ಮಾತು ಸರಿ.

ಆದರೆ ಕೆಳಗಿನ ಬಿದಿರಿಗೆ ಉಳಿದಿದ್ದ ಸುತ್ತುಗಳೆಲ್ಲ ತುದಿಯ ಮೂರೇ ಅಡಿಯೊಳಗಿದ್ದವು. ಸುತ್ತು ಮೂರು, ಐದಲ್ಲ. ಅಂದರೆ ಬೆಳಿಗ್ಗೆ ನಿಂತಿದ್ದು ನಲವತ್ತೆಂಟು ಅಡಿ.

ಹಗ್ಗ ಪುಂಡಿ ನಾರಿನದು. ಒಂದು ಗಂಟು ಬಿಚ್ಚಿದಳು. ಹೊರಗೆ ಗರಿಗರಿ ಒಣಗಿತ್ತು. ಗಂಟಿನ ಹೊಟ್ಟೆಯಲ್ಲಿ ಇನ್ನೂ ತೇವ.

ಅವಳಿಗೆ ಮನೆಯ ಹಿತ್ತಲು ನೆನಪಾಯಿತು. ಕಳೆದ ವಾರ ಅವಸರದಲ್ಲಿ ಒದ್ದೆ ಹಗ್ಗವನ್ನೇ ಬಿಗಿದು ಬಟ್ಟೆ ಹರವಿದ್ದಳು. ಮಧ್ಯಾಹ್ನ ಬಂದು ನೋಡಿದರೆ ಹಗ್ಗ ಜೋತುಬಿದ್ದು ಮಗನ ಯೂನಿಫಾರ್ಮು ಮಣ್ಣಲ್ಲಿತ್ತು. ನಾರು ನೀರು ಕುಡಿದಾಗ ಉಬ್ಬಿ ಬಿಗಿಯುತ್ತದೆ, ಒಣಗಿದಾಗ ಸಡಿಲಾಗುತ್ತದೆ.

* * *

ಮರುದಿನ ಬೆಳಿಗ್ಗೆ ಎಲ್ಲರನ್ನೂ ಕರೆಸಿದಳು. ಹೊಸ ಹಗ್ಗದ ಎರಡು ಸುರುಳಿ. ಪಕ್ಕದಲ್ಲಿ ಒಂದು ಬಕೆಟ್ ನೀರು.

"ಇವತ್ತು ಮತ್ತೆ ಅಳೆಯೋಣ. ತಿರುಪತಿ, ಒಂದು ಕಡೆ ನೀನು ಕಟ್ಟು. ಇನ್ನೊಂದು ಕಡೆ ಹಿರಿಯರು ಕಟ್ಟಲಿ. ಆಮೇಲೆ ಯಾರಿಗೂ ಅನುಮಾನ ಬೇಡ."

ತಿರುಪತಿ ಒಣ ಹಗ್ಗ ಎತ್ತಿಕೊಂಡು ಸುತ್ತತೊಡಗಿದ. ಅಂಬಣ್ಣ ಸುರುಳಿ ಬಿಚ್ಚಿದ. ಬಕೆಟ್ಟಿಗೆ ಅದ್ದಿದ. ಹಿಂಡಿದ. ಬಿದಿರಿಗೆ ಸುತ್ತಿ ಹಲ್ಲು ಕಚ್ಚಿ ಬಿಗಿದ.

"ಯಾಕ ತೋಯಿಸಿದ್ರಿ, ಅಂಬಣ್ಣ?"

"ನೀರಾಗ ಅದ್ದಲಾರದ ಹಗ್ಗ ಏನು ಹಿಡೀತದ್ರಿ? ನಮ್ಮ ಅಪ್ಪ ಹಿಂಗೇ..."

ಅವನು ತನ್ನ ಒದ್ದೆ ಕೈಗಳನ್ನು ನೋಡಿಕೊಂಡ.

ರೇಣುಕಾದೇವಿ ದನಿ ಏರಿಸಲಿಲ್ಲ. "ನೀರಿನಲ್ಲೇ ಇರುವ ತೆಪ್ಪಕ್ಕೆ, ಬಲೆಯ ಗಳಕ್ಕೆ ಅದು ಸರಿ. ಅಲ್ಲಿ ಹಗ್ಗ ಒಣಗೋದೇ ಇಲ್ಲ. ಇಲ್ಲಿ ನೀವು ಮೊನ್ನೆ ಸಂಜೆ ಕಟ್ಟಿದ ಗಂಟು ನಿನ್ನೆಯ ಬಿಸಿಲಿಗೆ ಸಡಿಲಾಯಿತು. ಬಿದಿರು ಮೂರು ಅಡಿ ಉದ್ದವಾಗಿತ್ತು. ಉದ್ದವಾದರೆ ಲಾಭ ಓಣಿಗೆ, ಬಿಲ್ಡರಿಗಲ್ಲ. ಓಣಿಯ ಉಳಿದ ಗಂಡಸರೆಲ್ಲ ಗೌಂಡಿ, ಗಾರೆ ಕೆಲಸದವರು, ಅವರು ಒಣ ಹಗ್ಗವನ್ನೇ ಬಿಗಿಯುತ್ತಾರೆ. ಇನ್ನೂ ನದಿಗೆ ಇಳಿದು ಮೀನು ಹಿಡಿಯುವವರು ನೀವೊಬ್ಬರೇ. ನಸೀರುದ್ದೀನ ನಮಾಜಿಗೆ ಹೋದಾಗ ಇಲ್ಲಿದ್ದವರೂ ನೀವೊಬ್ಬರೇ."

"ದೊಡ್ಡಪ್ಪ!" ತಿರುಪತಿಯ ಕೈಯಿಂದ ಹಗ್ಗ ಜಾರಿತು. "ರಾತ್ರಿಯೆಲ್ಲಾ ಮಂದಿ ನನಗ ಉಗುಳ್ಯಾರ. ನೀ ಬಾಜೂಕ ಕುಂತು ಕೇಳಿದಿ."

ಅಂಬಣ್ಣ ಅವನತ್ತ ನೋಡಲಿಲ್ಲ. ಬಸವಂತರಾಯರ ಕಡೆ ತಿರುಗಿದ.

"ಮಾಸ್ತರ, ಮಾಳಗಿ ಮ್ಯಾಲ ನೀರಿನ ಟಾಕಿ ಬರ್ತದ, ಅದನ್ನೂ ಅಳತಿಗೆ ಹಿಡೀರಿ ಅಂತ ಮೂರು ಸಲ ಅಂದೆ. ನೀವು ಅದು ಆಮ್ಯಾಲ ಅಂದ್ರಿ. ಈ ಲಕ್ಷ್ಮಿಕಾಂತ ನಕ್ಕ. ಕೇಳೋರು ಇಲ್ಲಂದ ಮ್ಯಾಲ ನಾನೇ ಮೂರು ಅಡಿ ಹೆಚ್ಚಿಗಿ ಹಿಡಿದೆ. ಆ ನಸೀರ ನನಗ ಕಾಕಾ ಅಂತಿದ್ದ್ರಿ. ಅವನ ತಲಿ ಮ್ಯಾಲ ಬೀಳತದಂತ..."

ಅವನು ಒದ್ದೆ ಹಗ್ಗವನ್ನು ನೆಲಕ್ಕಿಟ್ಟ.

ರೇಣುಕಾದೇವಿ ನಕ್ಷೆ ತರಿಸಿ ಬಿಡಿಸಿದಳು. ಟ್ಯಾಂಕು ಇತ್ತು. ಉತ್ತರದ ಅಂಚಿಗೇ, ಆರು ಅಡಿ ಎತ್ತರ. ಲಕ್ಷ್ಮಿಕಾಂತ ಬೇರೆ ಕಡೆ ನೋಡಿದ.

ತಿರುಪತಿ ಕಟ್ಟಿದ ನಲವತ್ತೈದು ಅಡಿಯ ಬಿದಿರು ನಡುಮಧ್ಯಾಹ್ನ ನಿಂತಿತು. ನೆರಳಿನ ತುದಿ ಅಂಗಳಕ್ಕೆ ಒಂದು ಗೇಣು ಈಚೆಗೆ ಬಿತ್ತು. ಮಾನಮ್ಮ ತಾನೇ ಬಗ್ಗಿ ಅಲ್ಲಿ ಕಲ್ಲಿಟ್ಟಳು. ಅಕ್ಕಪಕ್ಕಕ್ಕೆ ಒಂದು ಬೆರಳೂ ಸರಿಸಲಿಲ್ಲ. ಆಮೇಲೆ ಟ್ಯಾಂಕಿನ ಲೆಕ್ಕಕ್ಕೆ ತುದಿಯಿಂದ ಆರು ಅಡಿ ಮೇಲೆ ಬರುವಂತೆ ಇನ್ನೊಂದು ಬಿದಿರು ಕಟ್ಟಿ ನಿಲ್ಲಿಸಿದರು. ನೆರಳು ಮೀನಿನ ಚಾಪೆಗಳ ಮೇಲೆ ಹರಿದು ನಿಂತಿತು.

* * *

ಮೂರಕ್ಕೆ ಬಸವಂತರಾಯರು ಒಪ್ಪಂದ ಓದಿದರು. ಟ್ಯಾಂಕು, ಮೆಟ್ಟಿಲ ಕೋಣೆ ಎರಡೂ ದಕ್ಷಿಣದ ಅಂಚಿಗೆ. ನಾಲ್ಕನೇ ಅಂತಸ್ತು ಪೂರ್ತಿ ಬಿಡುವ ಬದಲು ಅಂಗಳದ ಕಡೆಯಿಂದ ಹತ್ತು ಅಡಿ ಹಿಂದಕ್ಕೆ. ಓದುತ್ತ ಎರಡು ಸಲ ಕನ್ನಡಕ ಒರೆಸಿದರು. "ಮೊದಲನೇ ಸಲನೇ ಅವನ ಮಾತು ಕೇಳಬೇಕಿತ್ತು," ಎಂದರು.

ಲಕ್ಷ್ಮಿಕಾಂತ ಸಹಿ ಹಾಕಿ ಪೆನ್ನು ಮುಂದಿಟ್ಟ. "ರಾಜಿ ಆತಲ್ರಿ ಮೇಡಮ್. ಮುದಕನ್ನ ಬಿಟ್ಟುಬಿಡ್ರಿ."

"ರಾಜಿ ಕಟ್ಟಡಕ್ಕ ಅದ," ಎಂದಳು ರೇಣುಕಾದೇವಿ. "ನಸೀರುದ್ದೀನನ ತಲಿಗೆ ಇಲ್ಲ."

ಹೊರಗೆ ಜೀಪಿನಲ್ಲಿ ಅಂಬಣ್ಣ ಕೂತಿದ್ದ. ಅವನ ಪಕ್ಕದಲ್ಲಿ ಪೇದೆ.

ಮಾನಮ್ಮ ಪೆನ್ನು ಹಿಡಿದು ಜೀಪಿನ ಕಡೆ ನೋಡಿದಳು.

"ಬಿಸಿಲು ಉಳೀತು, ಮೇಡಮ್‌ರ. ಇನ್ನ ಒಣಗಸಾಕ ಮೀನ ಯಾರು ತರಬೇಕ್ರಿ?"

ಮಾನಮ್ಮ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.