ಚಿಕ್ಕಮ್ಮನ ಕೋಣೆಯ ಮೌನ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ವಿಡಿಯೊ ಎಡಿಟರ್. ಇದ್ದದ್ದನ್ನು ಕತ್ತರಿಸಿ ಜೋಡಿಸುವವನೇ ಹೊರತು ಕಟ್ಟುಕಥೆ ಹೆಣೆಯುವವನಲ್ಲ.

ತೀರಿಹೋದ ಚಿಕ್ಕಮ್ಮನ ನೆನಪಿಗೆ ವಿಡಿಯೊ ಮಾಡುತ್ತಿದ್ದೆವು. ಅವಳ ಮಗಳು, ನನಗೆ ಅಕ್ಕ, ಅಮ್ಮನ ಕೋಣೆಯಲ್ಲೇ ಕೂತು ಮಾತಾಡಿದಳು. ಮಾತು ಮುಗಿದ ಮೇಲೆ ಖಾಲಿ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳುವುದು ನಮ್ಮ ಪದ್ಧತಿ. ಮಾತು ಕತ್ತರಿಸಿದ ಕಡೆ ಆ ಮೌನವನ್ನು ತುಂಬದಿದ್ದರೆ ಸದ್ದು ಹಠಾತ್ತನೆ ಸತ್ತಂತಾಗುತ್ತದೆ.

ಎಡಿಟಿಂಗಿಗೆ ಕೂತಾಗ ಆ ಮೌನದಲ್ಲಿ ಉಸಿರು ಕೇಳಿಸಿತು. ದಿಂಬಿನಡಿಯಿಂದ ಎಳೆದಂಥ ಉಸಿರು. ಸೌಂಡಿನವನಿಗೆ ಫೋನ್ ಮಾಡಿ ರೇಗಿದೆ: "ಅರೆಗಳಿಗೆ ಉಸಿರು ಬಿಗಿಹಿಡಿಯೋಕಾಗಲ್ವೇನೋ?"

"ಯಾರ ಉಸಿರಣ್ಣ? ಮೈಕ್ ಇಟ್ಟು, ಬಾಗಿಲು ಹಾಕ್ಕೊಂಡು ಎಲ್ಲರೂ ಹೊರಗೆ ನಿಂತಿದ್ವಲ್ಲ. ನೀವೂ ಇದ್ರಿ."

ಇದ್ದೆ, ಹೌದು. ಉಸಿರಿದ್ದ ಭಾಗವನ್ನೆಲ್ಲ ಕತ್ತರಿಸಿ ಬಿಸಾಡಿದೆ. ಮತ್ತೆ ಕೇಳಿದರೆ ಅದು ಅಕ್ಕನ ಮಾತಿನಡಿಗೇ ಬಂದು ಸೇರಿಕೊಂಡಿತ್ತು. "ಅಮ್ಮ ನಿದ್ದೆಯಲ್ಲೇ ಹೋದ್ಲು, ಒಂಚೂರೂ ಒದ್ದಾಡಲಿಲ್ಲ" ಎನ್ನುವಲ್ಲಿ ಬಿರುಸಾಗಿ, ಸಿಕ್ಕಿಕೊಂಡು, ನಿಂತೇಹೋಗುತ್ತಿತ್ತು.

ಅಕ್ಕ ನೋಡಲು ಬಂದಾಗ ಉಸಿರಿನ ಸುದ್ದಿ ಎತ್ತಲಿಲ್ಲ. ಸ್ಪೀಕರ್ ಕೆಟ್ಟಿದೆ ಎಂದು ಸುಳ್ಳು ಹೇಳಿ, ಸದ್ದಿಲ್ಲದೆ ಚಿತ್ರವನ್ನಷ್ಟೇ ತೋರಿಸಿದೆ. ತೆರೆಯ ಮೇಲೆ ಅವಳ ತುಟಿ "ಒಂಚೂರೂ ಒದ್ದಾಡಲಿಲ್ಲ" ಎನ್ನುತ್ತಲೇ ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಅದೊಂದು ಮಾತು ತೆಗೆದುಬಿಡೋ," ಅಂದಳು.

ತೆಗೆದೆ. ಈಗ ಆ ಜಾಗಕ್ಕೆ ತುಂಬಲು ನನ್ನ ಹತ್ತಿರ ಇರುವುದು ಆ ಕೋಣೆಯ ಮೌನವೊಂದೇ.